ಕಲ್ಲ ಮೇಲಿಟ್ಟ ವೀಳ್ಯ

ಚಾವಡಿಯ ಮೇಲೆ ಮೂವರು ಯಜಮಾನರು ಕೂತಿದ್ದರು. ನಡುವೆ ಚಾಪೆಯ ಮೇಲಿದ್ದವರು ಊರಿಗೇ ಹಿರಿಯರಾದ ದೊಡ್ಡ ಯಜಮಾನರು. ಅವರ ಪಕ್ಕದಲ್ಲಿ ಕಂಬಕ್ಕೊರಗಿಕೊಂಡು ರಾಗಿ ಮಿಲ್ಲಿನ ಸಾಹುಕಾರರು, ಇನ್ನೊಂದು ಪಕ್ಕದಲ್ಲಿ ಮತ್ತೊಬ್ಬ ಯಜಮಾನರು. ಹಿಂದೆ ಗೋಡೆಗೆ ಅಂಟಿಕೊಂಡಂತೆ ಮೇಲಿನ ಬೀದಿಯ ಗಂಡಸರು. ಚಾವಡಿಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದವರು ನಾವು, ಕೆಳಗಿನ ಬೀದಿಯವರು: ನಮ್ಮ ಬೀದಿಯ ಮುದಿ ಯಜಮಾನರು, ನಮ್ಮಜ್ಜಿ, ಅಪ್ಪ, ಚಿಕ್ಕಪ್ಪ, ಮೂಲೆಮನೆ ಅತ್ತೆ, ನಾನು. ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಮ್ಮ ಚಿಕ್ಕವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಹೊಂಗೆಮರದಡಿ ಸಾಹುಕಾರರ ಜೀಪು ರಸ್ತೆಗೆ ಮುಖ ಮಾಡಿಕೊಂಡಿತ್ತು. ಡ್ರೈವರು ಕೆಳಗಿಳಿದಿರಲೇ ಇಲ್ಲ.

ಜೀಪು ಕಾಯುತ್ತಿದ್ದುದು ಚಿಕ್ಕವ್ವನಿಗಾಗಿ. ಪಂಚಾಯ್ತಿ ಎಲೆಕ್ಷನ್ನಿಗೆ ಅವಳು ಹಾಕಿದ್ದ ನಾಮಪತ್ರವನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಅವತ್ತೇ ಕಡೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಅವಳು ನಾಲೆಯಾಚೆಯ ಊರಿನಲ್ಲಿದ್ದ ಪಂಚಾಯ್ತಿ ಆಫೀಸಿಗೆ ಹೋಗಿ ಕಾಗದ ಕೊಟ್ಟರೆ, ಕಣದಲ್ಲಿ ಉಳಿಯುತ್ತಿದ್ದವಳು ಮೂಲೆಮನೆ ಅತ್ತೆ ಒಬ್ಬಳೇ. ಅವಳು ಅವಿರೋಧವಾಗಿ ಮೆಂಬರಾಗುತ್ತಿದ್ದಳು. ಚಿಕ್ಕವ್ವ ಹೋಗದಿದ್ದರೆ ನಮ್ಮೂರಿನಲ್ಲಿ ಓಟು ನಡೆಯಬೇಕಾಗಿತ್ತು.

ಓಟು ನಡೆದರೆ ಏನು ಮುಳುಗಿಹೋಗುತ್ತದೆ ಎಂದು ಈಗಿನವರು ಕೇಳಬಹುದು. ನಮ್ಮ ಬೀದಿಯವರೇನು ಓಟು ಕಾಣದವರಲ್ಲ. ಎಮ್ಮೆಲ್ಲೆ ಓಟು, ಎಂಪಿ ಓಟು ಬಂದಾಗಲೆಲ್ಲ ಲಾರಿ ಕಳಿಸಿ ಹತ್ತಿಸಿಕೊಂಡು ಹೋಗುತ್ತಿದ್ದರು. ಆದರೆ ನಮ್ಮಜ್ಜಿ ಹೇಳುತ್ತಿದ್ದಂತೆ "ದೊಡ್ಡೋಟು ಬ್ಯಾರೆ, ಊರೋಟು ಬ್ಯಾರೆ". ಊರಿನ ಸ್ಥಾನಕ್ಕೆ ಯಾರು ಕೂರಬೇಕೆಂಬುದು ಚಾವಡಿಯ ಮೇಲೆಯೇ ತೀರ್ಮಾನವಾಗುತ್ತಿತ್ತು. ನಮ್ಮ ಬೀದಿಗೆ ಮೀಸಲಾದ ಸ್ಥಾನವೂ ಅಷ್ಟೆ. ಯಜಮಾನರು ಬೆರಳು ತೋರಿಸಿದವನು ಮೆಂಬರು. ಅಂಥ ಒಬ್ಬ ಮೆಂಬರನ ಕಾಲದಲ್ಲಿಯೇ ನಮ್ಮ ಬೀದಿಗೆಂದು ಮಂಜೂರಾಗಿ ಬಂದ ಬೋರ್‌ವೆಲ್ಲು ಚಾವಡಿಯ ಮಗ್ಗುಲಲ್ಲಿ ಇಳಿದದ್ದು. ಅದರ ಹಿಡಿಕೆಯನ್ನು ನಾವು ಮುಟ್ಟುವ ಹಾಗಿರಲಿಲ್ಲ. ಮೇಲಿನ ಬೀದಿಯ ಯಾರಾದರೂ ಬಂದು ಒತ್ತುವವರೆಗೆ ನಮ್ಮ ಹೆಂಗಸರು ಬಿಂದಿಗೆ ಇಟ್ಟುಕೊಂಡು ದೂರ ಕೂತಿರಬೇಕು. ಚಿಕ್ಕವ್ವ ಹಾಗೆ ಕೂತು ಕೂತು, ಒಂದು ದಿನ ಬಿಂದಿಗೆಯ ಮೇಲೆ ಗಲ್ಲ ಊರಿಕೊಂಡು, "ನಾನೇನಾದ್ರೂ ಮೆಂಬರಾಗ್ಬೇಕು ಕನಮ್ಮಿ, ಈ ಬೋರ್‌ವೆಲ್ನ ಬುಡಸಮೇತ ಕಿತ್ತು ಎಗಲ ಮ್ಯಾಲೆ ಒತ್ಕೊಂಡು ಬತ್ತೀನಿ" ಎಂದಿದ್ದಳು. ಕೂತಿದ್ದವರೆಲ್ಲ ನಕ್ಕಿದ್ದರು.

ತೊಂಬತ್ತರ ದಶಕದ ಆರಂಭ ಅದು. ಹೊಸ ಪಂಚಾಯ್ತಿ ಕಾಯಿದೆ ಬಂದು, ನಮ್ಮ ಬೀದಿಯ ಸ್ಥಾನ ಹೆಂಗಸರಿಗೆ ಎಂದಾಯಿತು. ಯಜಮಾನರು ಎಂದಿನಂತೆ ಬೆರಳು ತೋರಿಸಿದರು, ಮೂಲೆಮನೆ ಅತ್ತೆಯ ಕಡೆಗೆ. ಅತ್ತೆ ದೊಡ್ಡ ಯಜಮಾನರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು, ಪಾಪದವಳು. ಮೆಂಬರೆಂದರೆ ಏನು ಎಂದು ಅವಳು ಕೇಳಿದ್ದಕ್ಕೆ "ಏಳ್ದಾಗ ಬಂದು ಎಬ್ಬೆಟ್ಟು ಒತ್ತದು" ಎಂದಿದ್ದರಂತೆ. ನಾನು ಆಗ ನರಸೀಪುರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಒಂದು ಬೆಳಿಗ್ಗೆ ಚಿಕ್ಕವ್ವ ತಲಕಾಡಿನ ಬಸ್ಸಿಳಿದು ಹಾಸ್ಟೆಲಿನ ಬಾಗಿಲಿಗೇ ಬಂದಳು. "ನಂಗೂ ಒಂದು ಅರ್ಜಿ ಬರ್ಕೊಡಮ್ಮಿ" ಎಂದಳು. ಹೆದರಿಕೆಯಾದರೂ ಬರೆದುಕೊಟ್ಟೆ.

ಆ ಅರ್ಜಿ ಹೋದ ಮಾರನೆಯ ದಿನದಿಂದ ಮಿಲ್ಲಿನಲ್ಲಿ ನಮ್ಮ ರಾಗಿ ಬೀಸುವುದು ನಿಂತಿತು. ಅಂಗಡಿಯಲ್ಲಿ ಉಪ್ಪು ಇಲ್ಲ ಎಂದರು. ಉಪ್ಪಿನ ಮೂಟೆ ಬಾಗಿಲಲ್ಲೇ ಇತ್ತು. ಅಜ್ಜಿ ರಾಗಿಯ ಕುಕ್ಕೆ ಹೊತ್ತುಕೊಂಡು ಹದಿನಾರು ಎಂಬ ಊರಿನವರೆಗೆ ನಡೆದುಹೋಗಿ ಹಿಟ್ಟು ಮಾಡಿಸಿಕೊಂಡು ಬರತೊಡಗಿದಳು. ಇದೆಲ್ಲ ತಡೆದುಕೊಳ್ಳಬಹುದಾಗಿತ್ತು. ತಡೆದುಕೊಳ್ಳಲಾಗದ್ದು ಗದ್ದೆ. ದೊಡ್ಡ ಯಜಮಾನರ ನಾಲೆ ಬಯಲಿನ ಗದ್ದೆಯನ್ನು ನಮ್ಮ ತಾತನ ಕಾಲದಿಂದ ನಮ್ಮ ಮನೆಯವರೇ ವಾರಕ್ಕೆ, ಬೆಳೆಯಲ್ಲಿ ಪಾಲಿನ ಲೆಕ್ಕಕ್ಕೆ, ಮಾಡುತ್ತಿದ್ದರು. ಆಗ ಮಾಡುತ್ತಿದ್ದವನು ಚಿಕ್ಕಪ್ಪ. ಬತ್ತ ಬಂಗಾರದ ಬಣ್ಣಕ್ಕೆ ತಿರುಗಿ ಕೊಯ್ಲಿಗೆ ತಲೆಬಾಗಿ ನಿಂತಿತ್ತು. "ನಿನ್ನೆಂಡ್ರು ಅರ್ಜಿ ವಾಪಸ್ ತಕ್ಕಂಡ್ರೆ ಕುಡ್ಲು ಇಕ್ಕು, ಇಲ್ಲಾಂದ್ರೆ ಬದಕ್ಕೂ ಕಾಲಿಡ್ಬೇಡ" ಎಂದು ಹೇಳಿ ಕಳಿಸಿದ್ದರು. ಚಿಕ್ಕಪ್ಪ ಮೂರು ಹೊತ್ತೂ ಆ ಬದುವಿನ ದಿಕ್ಕಿಗೇ ಮುಖ ಮಾಡಿಕೊಂಡು ಬೀಡಿ ಸೇದುತ್ತಿದ್ದ. ಮನೆಯಲ್ಲಿ ಗಂಡ ಹೆಂಡಿರ ಮಾತು ನಿಂತುಹೋಗಿತ್ತು.

ಹೀಗೆ ಕಡೆಯ ದಿನ ಬಂತು. ಚಾವಡಿಗೆ ಕರೆ ಬಂತು. ಬೆಳಿಗ್ಗೆಯಿಂದ ಚಿಕ್ಕಪ್ಪ ಅತ್ತಿದ್ದ. ಗಂಡಸು ಅಳುವುದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಚಿಕ್ಕವ್ವ ಮುಖ ತೊಳೆದುಕೊಂಡು, "ನಡೀರಿ, ವಾಪಸ್ ತಕ್ಕತೀನಿ" ಎಂದಳು. ಅವಳು ಚಾವಡಿಗೆ ಹೊರಟದ್ದು ಒಪ್ಪಿಕೊಳ್ಳುವುದಕ್ಕೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಊರಿನಲ್ಲಿ ಹಬ್ಬಿದ ಕತೆಯೇ ಬೇರೆ.

ನಮ್ಮೂರಿನಲ್ಲಿ ಒಪ್ಪಿದ ಮಾತಿಗೆ ಗುರುತು ವೀಳ್ಯ. ಎರಡು ವೀಳ್ಯದೆಲೆ, ಒಂದು ಅಡಿಕೆ. ನ್ಯಾಯ ತೀರಿದರೂ ಮದುವೆ ಮಾತು ಕುದುರಿದರೂ, ಕೇಳಿದವನು ಕೊಡಬೇಕು, ಒಪ್ಪಿದವನು ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಮಾತು ತಿರುಗಿಸುವಂತಿಲ್ಲ. ಇದರಲ್ಲಿ ದೊಡ್ಡ ಯಜಮಾನರು ಬಹಳ ಕಟ್ಟುನಿಟ್ಟು. ಹಿಂದಿನ ವರ್ಷ ಮೇಲಿನ ಬೀದಿಯಲ್ಲೇ ಒಂದು ಮದುವೆ ಮಾತಾಗಿ, ಹೆಣ್ಣಿನ ತಂದೆ ಜ್ವರದಲ್ಲಿ ಮಲಗಿದ್ದಾನೆಂದು ಅವನ ಹಿರಿಯಳಿಯ ವೀಳ್ಯ ತಂದುಕೊಟ್ಟಿದ್ದ. ಆಮೇಲೆ ಗಂಡಿನವರು ಮಾತು ಮುರಿದರು. ನ್ಯಾಯ ಚಾವಡಿಗೆ ಬಂದಾಗ ದೊಡ್ಡ ಯಜಮಾನರು, "ಮೂರನೇ ಕೈಯಿಂದ ಬಂದ ವೀಳ್ಯ ವೀಳ್ಯವೇ ಅಲ್ಲ" ಎಂದು ತೀರ್ಪು ಕೊಟ್ಟು ಆ ಮದುವೆಯನ್ನೇ ಬಿಡಿಸಿಹಾಕಿದ್ದರು. ಆ ತೀರ್ಪನ್ನು ಕೆಳಗೆ ನಿಂತು ನಾವೂ ಕೇಳಿದ್ದೆವು.

ನಮ್ಮ ಬೀದಿಯವರಿಗೆ ಮಾತ್ರ ವೀಳ್ಯ ಕೈಗೆ ಬರುತ್ತಿರಲಿಲ್ಲ. ಚಾವಡಿಯ ಬುಡದಲ್ಲಿ ಒಂದು ಮೆಟ್ಟಿಲ ಕಲ್ಲು ಇದೆ. ಮೇಲಿನವರು ಅದರ ಮೇಲೆ ಇಟ್ಟು ಹಿಂದೆ ಸರಿದರೆ, ನಮ್ಮವರು ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದು ಯಾವ ಕಾಲದಿಂದ ಬಂದದ್ದೋ, ಯಾರೂ ಅದರ ಬಗ್ಗೆ ಯೋಚಿಸಿದ್ದಿಲ್ಲ.

"ಏನವ್ವ, ಯೋಚ್ನೆ ಮಾಡ್ದಾ?" ಎಂದರು ದೊಡ್ಡ ಯಜಮಾನರು.

"ಮಾಡ್ದೆ ಬುದ್ಧಿ."

"ಊರು ಒಡೀಬಾರ್ದು ಕನವ್ವ. ಈ ಮೂಲೆಮನೆಯವ್ಳೂ ನಿಮ್ ಬೀದಿಯೋಳೇ ತಾನೆ? ಇವ್ಳಾದ್ರೇನು, ನೀನಾದ್ರೇನು?"

"ಅದ್ನೇ ಬುದ್ಧಿ ನಾನೂ ಅಂದದ್ದು. ನಾನಾದ್ರೇನು ಅಂತ."

ಗೋಡೆಯ ಬಳಿ ಯಾರೋ ಕಿಸಕ್ಕನೆ ನಕ್ಕರು. ಮಿಲ್ಲಿನ ಸಾಹುಕಾರರು ತಿರುಗಿ ನೋಡಿ, "ನಗಾಡ್ಬೇಡ್ರೋ, ಒತ್ತಾಯ್ತದೆ" ಎಂದು ಗದರಿದರು. ಕೆಳಗೆ ನಿಂತಿದ್ದವರಲ್ಲಿ ವಾಚು ಕಟ್ಟಿಕೊಂಡಿದ್ದವಳು ನಾನೊಬ್ಬಳೇ. ಅಪ್ಪ ಕಣ್ಣಲ್ಲೇ ಕೇಳಿದ. ಎರಡು ದಾಟಿದೆ ಎಂದು ಬೆರಳು ತೋರಿಸಿದೆ.

ಚಿಕ್ಕಪ್ಪ ಹಿಂದಿನಿಂದ, "ಒಪ್ಕಂಬುಡು, ಒಪ್ಕಂಬುಡು" ಎಂದು ಗೊಣಗಿದ.

"ಒಪ್ಪಿವ್ನಿ ಕನ, ಸುಮ್ಕಿರಿ" ಎಂದು ಚಿಕ್ಕವ್ವ ತಿರುಗದೆಯೇ ಹೇಳಿದಳು. ಆಮೇಲೆ ಮೇಲಕ್ಕೆ ನೋಡಿ, "ಆಯ್ತು ಬುದ್ಧಿ. ವೀಳ್ಯ ಕೊಡಿ" ಎಂದಳು.

ಚಾವಡಿಯ ಮೇಲೆ ಎಲ್ಲರ ಭುಜ ಒಮ್ಮೆಲೇ ಸಡಿಲವಾದುದು ನನಗೆ ಕಂಡಿತು. ಜೀಪಿನ ಇಂಜಿನ್ನು ಶುರುವಾಯಿತು. ಹಿಂದಿನ ಸೀಟನ್ನು ಮಡಿಸಿ ಅವಳಿಗೆ ಕೂರಲು ಗೋಣಿಚೀಲ ಹಾಸಿಟ್ಟಿದ್ದರು. ಸಾಹುಕಾರರು ಟೈಪು ಮಾಡಿಸಿಟ್ಟಿದ್ದ ಕಾಗದವನ್ನು ಜೇಬಿನಿಂದ ತೆಗೆದು, "ಮೊದ್ಲು ಸೈನ್ ಆಗೋಗ್ಲಿ, ವೀಳ್ಯ ಆಮೇಲೆ ನೋಡನ" ಎಂದರು.

"ಎಲ್ಲಾರ ಉಂಟೇನಯ್ಯ?" ದೊಡ್ಡ ಯಜಮಾನರು ಕಣ್ಣು ಕೆಕ್ಕರಿಸಿದರು. "ವೀಳ್ಯ ಎತ್ಕಳ್ದೆ ಸೈನ್ ಮಾಡಿಸ್ಕಂಡು, ನಾಳೀಕೆ ಎದ್ರಿಸಿ ಮಾಡಿಸ್ಕಂಡ್ರು ಅಂತ ಸ್ಟೇಷನ್‌ಗೋದ್ರೆ? ಒಳೀಕ್ ಓಗದು ನೀನಾ, ನಾನಾ?"

ಸಾಹುಕಾರರು ಕಾಗದವನ್ನು ಜೇಬಿಗೆ ಇಳಿಸಿದರು. ಅಲ್ಲೇ ಚಾವಡಿಯವರು ತಪ್ಪಿದ್ದು. ಆ ಒಂದು ಮಾತನ್ನು ದೊಡ್ಡ ಯಜಮಾನರು ಆಡದೆ ಹೋಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಚಿಕ್ಕವ್ವನ ಸಹಿ ಬಿದ್ದು ಜೀಪು ನಾಲೆ ದಾಟಿರುತ್ತಿತ್ತು.

ಊರಿನ ತಳವಾರ ಎಲೆ ಅಡಿಕೆಯನ್ನು ದೊಡ್ಡ ಯಜಮಾನರ ಕೈಗೆ ಮುಟ್ಟಿಸಿ, ಅವರೇ ಇಟ್ಟ ಲೆಕ್ಕದಲ್ಲಿ ತಂದು ಕಲ್ಲ ಮೇಲಿಟ್ಟು ಹಿಂದೆ ಸರಿದ. ಚಿಕ್ಕವ್ವ ಮುಂದೆ ಬಂದಳು. ಬಗ್ಗಲು ಹೊರಟವಳು ಅರ್ಧಕ್ಕೆ ನಿಂತಳು. ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ನೆಟ್ಟಗಾದಳು.

"ಕೈಗೆ ಕೊಡಿ ಬುದ್ಧಿ."

"ಏನಂದೆ?"

"ಕಲ್ಲ ಮ್ಯಾಲಿರದು ಕಲ್ಗೆ ಕೊಟ್ಟದ್ದು. ಕೇಳಿರದು ನನ್ನ. ನನ್ ಕೈಗೆ ಕೊಡಿ, ತಕ್ಕತೀನಿ."

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೇಲಿನ ಬೀದಿಯ ಗಂಡಸರು ಒಟ್ಟಿಗೆ ಬಾಯಿಮಾಡಿದರು. "ಲೇ, ಏನಮ್ಮಿ ನಿನ್ ಧಿಮಾಕು!" "ನಿಮ್ಮಪ್ಪ ತಕ್ಕಂಡಿದ್ನಾ ಕೈಗೆ?" "ಓದ್ದೋರು ಇಂದೆ ನಿಂತವ್ರೆ ನೋಡು, ಅವ್ರ ಕಿತಾಪತಿ ಇದು!" ಆ ಕೊನೆಯ ಮಾತು ನನಗೆ. ಅಪ್ಪ ನನ್ನನ್ನು ಮೆಲ್ಲಗೆ ಬೆನ್ನ ಹಿಂದೆ ಎಳೆದುಕೊಂಡ. ಒಬ್ಬಿಬ್ಬರು ಚಾವಡಿಯ ಅಂಚಿಗೆ ಬಂದು ನಿಂತರು. ಅವರ ಕಾಲುಗಳು ನನ್ನ ಕಣ್ಣಿನ ಎತ್ತರಕ್ಕಿದ್ದವು. ಈಗ ಹೊಡೆಯುತ್ತಾರೆ ಎಂದುಕೊಂಡೆ.

ಅಜ್ಜಿ ಅಷ್ಟರಲ್ಲಿ ಮುಂದೆ ಬಂದು ಚಿಕ್ಕವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಕಾಲು ನೀಡಿಕೊಂಡು, ಸೊಸೆಯ ಸೀರೆಯ ಅಂಚು ಹಿಡಿದುಕೊಂಡು. "ಕೂಗಾಡ್ಬೇಡಿ ಬುದ್ಧಿ, ಅವ್ಳೇನು ಒಲ್ಲೆ ಅಂದವಳಾ? ಕೊಡಿ ಅಂತಾನೇ ತಾನೆ ಕೇಳ್ತಿರದು?" ಎಂದಳು.

ಅದು ನಿಜವಾಗಿತ್ತು. ಸಾಹುಕಾರರು ಕೈ ಮೇಲೆತ್ತಿ ಸುಮ್ಮನಾಗಿಸಿದರು. "ಬುಡ್ರೋ, ಟೈಮಿಲ್ಲ. ಅವ್ರ ಬೀದಿ ಯಜಮಾನನೇ ಎತ್ಕೊಡ್ಲಿ ಅವಳ ಕೈಗೆ, ಮುಗೀತು."

ನಮ್ಮ ಬೀದಿಯ ಮುದಿ ಯಜಮಾನರು ಕೋಲೂರಿಕೊಂಡು ಎರಡು ಹೆಜ್ಜೆ ಬಂದರು. ಕಲ್ಲಿನ ಮುಂದೆ ನಿಂತರು. ಆಮೇಲೆ, ಬಹಳ ಮೆಲ್ಲಗೆ, "ನಾ ಕೊಟ್ರೆ ಮೂರ್ನೇ ಕೈ ಆಯ್ತದಲ್ವಾ ಬುದ್ಧಿ? ಓದ್ವರ್ಸ ನೀವೇ ಅಂದಿದ್ರಿ..." ಎಂದರು. ಅವರು ಕೊಂಕು ಮಾತಾಡಿದವರಲ್ಲ. ಅವರಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ದೊಡ್ಡ ಯಜಮಾನರ ಮಾತನ್ನು ಅಷ್ಟು ಭಯಭಕ್ತಿಯಿಂದ ನೆನಪಿಟ್ಟುಕೊಂಡಿದ್ದವರು ಊರಿನಲ್ಲಿ ಮತ್ತೊಬ್ಬರಿರಲಿಲ್ಲ.

ದೊಡ್ಡ ಯಜಮಾನರ ಮುಖ ಕೆಂಪಗಾಯಿತು. ಮದುವೆ ಮುರಿಸಿಕೊಂಡ ಹೆಣ್ಣಿನ ತಂದೆಯೂ ಅಲ್ಲೇ ಗೋಡೆಯ ಪಕ್ಕ ಕೂತಿದ್ದ. ಅವನು ಎದ್ದು, "ಅದೆಂಗೆ ಆಯ್ತದೆ? ನನ್ ಮಗಳಿಗೊಂದು ನ್ಯಾಯ, ಇವ್ರಿಗೊಂದು ನ್ಯಾಯವಾ?" ಎಂದು ಕೇಳಿದ. "ಕೂತ್ಕಳಯ್ಯಾ" ಎಂದು ನಾಲ್ಕು ಜನ ಅವನನ್ನು ಜಗ್ಗಿದರು. ಅವನು ಕೂರಲಿಲ್ಲ.

ಡ್ರೈವರು ಹಾರನ್ ಒತ್ತಿದ. ನನ್ನ ವಾಚಿನ ಮುಳ್ಳು ಎರಡೂವರೆಯ ಮೇಲಿತ್ತು.

"ಕೊಟ್ಬುಡನ ಅತ್ಲಾಗೆ" ಎಂದು ಸಾಹುಕಾರರು ಎದ್ದರು. "ಕೊಟ್ಟು ಓಗಿ ಕಪಿಲೇಲಿ ಮುಳುಗಾಕಿದ್ರಾಯ್ತು." ಒಂದು ಮೆಟ್ಟಿಲು ಇಳಿದರು ಕೂಡ. ಇನ್ನೊಬ್ಬ ಯಜಮಾನರು ಅವರ ಪಂಚೆ ಹಿಡಿದುಕೊಂಡರು. "ಮಗನ ಮದ್ವೆ ಇಟ್ಕಂಡಿದ್ದೀಯ. ಬೀಗ್ರಿಗೆ ಗೊತ್ತಾದ್ರೆ?" ಸಾಹುಕಾರರು ಅಲ್ಲೇ ನಿಂತರು. ಮೇಲಕ್ಕೂ ಹತ್ತಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. "ಅಂಗಾರೆ ನೀವ್ ಕೊಡಿ" ಎಂದರು. "ನಾ ಯಾಕ್ ಕೊಡ್ಲಿ, ಅರ್ಜಿ ವಾಪಸ್ ತೆಗೆಸ್ಬೇಕು ಅಂದೋನು ನೀನು." "ನಾನೊಬ್ನೇ ಅಂದ್ನಾ? ಊರೆಲ್ಲ ಅಂತು." "ಊರೆಲ್ಲ ಅಂದ್ರೆ ಊರಿನ ಪರ್ವಾಗಿ ತಳವಾರ ಕೊಡ್ಲಿ." ತಳವಾರ, "ನಾ ಒಲ್ಲೆ ಸಾ, ನಂಗೂ ಎಂಡ್ರು ಮಕ್ಕಳವ್ರೆ" ಎಂದು ಕಂಬದ ಹಿಂದೆ ಸರಿದ.

ತಟ್ಟೆಯಲ್ಲಿಟ್ಟು ಕೊಡೋಣ ಎಂದ ಒಬ್ಬ. ಟವಲಿನ ತುದಿಗೆ ಕಟ್ಟಿ ಇಳಿಬಿಡೋಣ ಎಂದ ಇನ್ನೊಬ್ಬ. "ಬಾವೀಗ್ ಬಿಂದಿಗೆ ಬುಟ್ಟಂಗಾ?" ಎಂದಳು ಅಜ್ಜಿ ಕೂತಲ್ಲಿಂದಲೇ. ನನಗೆ ನಗು ಬಂತು.

ಚಿಕ್ಕವ್ವ ಎರಡು ಕೈಯನ್ನೂ ಬೊಗಸೆ ಮಾಡಿ ಮುಂದಕ್ಕೆ ಹಿಡಿದು ನಿಂತಿದ್ದಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಆ ಬೊಗಸೆಯಲ್ಲಿ ಕುಡುಗೋಲು ತಾಗಿದ ಗಾಯದ ಗೆರೆಗಳು ಅಪ್ಪನ ಪಕ್ಕಕ್ಕೆ ಸರಿದು ಇಣುಕಿದ ನನಗೂ ಕಾಣುತ್ತಿದ್ದವು. ಚಿಕ್ಕಪ್ಪನ ಗೊಣಗಾಟ ಯಾವಾಗ ನಿಂತಿತೋ ಗೊತ್ತಿಲ್ಲ. ಅವನು ಈಗ ಚಾವಡಿಯ ಕಡೆಗಲ್ಲ, ಆ ಕೈಗಳ ಕಡೆಗೆ ನೋಡುತ್ತಿದ್ದ.

ಕೊನೆಗೆ ದೊಡ್ಡ ಯಜಮಾನರೇ ಎದ್ದರು. ಆ ವಯಸ್ಸಿನಲ್ಲಿ ಅವರು ಒಂದೊಂದೇ ಮೆಟ್ಟಿಲು ಇಳಿದು, ಕಲ್ಲಿನ ಮೇಲಿದ್ದ ಎಲೆ ಅಡಿಕೆಯನ್ನು ತಾವೇ ಬಗ್ಗಿ ಎತ್ತಿಕೊಂಡರು. ಆ ಕಲ್ಲಿನಿಂದ ವೀಳ್ಯ ಎತ್ತಲು ಮೇಲಿನ ಬೀದಿಯವರು ಬಗ್ಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಚಿಕ್ಕವ್ವನ ಎದುರಿಗೆ ಬಂದರು. ತೋಳನ್ನು ಉದ್ದಕ್ಕೆ ಚಾಚಿದರು. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದರು.

ಬೊಗಸೆಗೂ ಅವರ ಬೆರಳಿಗೂ ಇನ್ನೊಂದು ಗೇಣು ಇರುವಾಗ ಅವರು ಬಿಟ್ಟುಬಿಟ್ಟರು.

ಚಿಕ್ಕವ್ವ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಎಲೆಗಳು ಅವಳ ಕಾಲಿನ ಬಳಿ ಮಣ್ಣಿಗೆ ಬಿದ್ದವು. ಅಡಿಕೆ ಉರುಳಿ ಅಜ್ಜಿಯ ಸೀರೆಗೆ ತಾಗಿ ನಿಂತಿತು.

"ಕೊಡ್ಲಿಲ್ಲ ಬುದ್ಧಿ ನೀವು" ಎಂದಳು. ಕೂಗಲಿಲ್ಲ. ಗದ್ದೆಯಲ್ಲಿ ಪಕ್ಕದವಳಿಗೆ ಹೇಳುವಷ್ಟೇ ದನಿ.

ದೊಡ್ಡ ಯಜಮಾನರು ಅವಳನ್ನು ಒಮ್ಮೆ ನೇರವಾಗಿ ನೋಡಿದರು. ತಿರುಗಿ, ಯಾರ ಮುಖವನ್ನೂ ನೋಡದೆ, ನದಿಯ ಕಡೆಯ ಓಣಿಯಲ್ಲಿ ನಡೆದುಹೋದರು. ಅವರು ಅವಳನ್ನು ಮುಟ್ಟಿರಲಿಲ್ಲ. ಆದರೂ ಸ್ನಾನಕ್ಕೆ ಹೋದರು.

ಆಮೇಲೆ ಚಾವಡಿಯ ಮೇಲೆ ಅರಚಾಟ ಶುರುವಾಯಿತು. ನಮಗಲ್ಲ, ಅವರವರೊಳಗೇ. ಹೆಣ್ಣಿನ ತಂದೆ ಸಾಹುಕಾರರ ಜೊತೆ, ಸಾಹುಕಾರರು ಇನ್ನಿಬ್ಬರ ಜೊತೆ. ನಾವು ಅಲುಗದೆ ನಿಂತಿದ್ದೆವು. ಮೂರು ಗಂಟೆಯಾದದ್ದು ನನ್ನ ವಾಚಿನಲ್ಲಲ್ಲ ತಿಳಿದದ್ದು. ಡ್ರೈವರು ಇಂಜಿನ್ ಆರಿಸಿ, ಜೀಪಿನಿಂದಿಳಿದು, ಹೊಂಗೆಮರದ ನೆರಳಿಗೆ ಹೋಗಿ ಬೀಡಿ ಹಚ್ಚಿದ.

ಮನೆಗೆ ಬಂದ ಮೇಲೆ ನಾನು ಕೇಳಿದೆ, "ಮೊದ್ಲೇ ಯೋಚ್ನೆ ಮಾಡಿದ್ದಾ ಚಿಕ್ಕವ್ವ?"

"ಎಲ್ಲಿ ಬಂತಮ್ಮಿ ಯೋಚ್ನೆ. ಬಗ್ಗನ ಅಂತಲೇ ಓದೆ. ಆ ಎಲೆ ನೋಡ್ದೆ. ಯಾಕೋ ಸೊಂಟ ಬಗ್ಗಲಿಲ್ಲ." ಒಲೆಗೆ ಸೌದೆ ತಳ್ಳಿದಳು. "ಅವ್ರು ಕೈ ಮುಟ್ಸಿ ಕೊಟ್ಟಿದ್ರೆ ತಕ್ಕಂಬುಡ್ತಿದ್ದೆ ಕನಾ. ಜೀಪೂ ಅತ್ಬುಡ್ತಿದ್ದೆ. ಮಾತು ಅಂದ್ರೆ ಮಾತು ತಾನೆ."

ಊರಿನಲ್ಲಿ ಓಟು ನಡೆಯಿತು. ಅಜ್ಜಿ ಮೊದಲ ಊರೋಟಿಗೆ ತವರಿನ ಸೀರೆ ಉಟ್ಟುಕೊಂಡು ಹೋದಳು. ಬೆರಳಿನ ಮಸಿಯನ್ನು ನೋಡಿಕೊಂಡು, "ದೊಡ್ಡೋಟಿನದಕ್ಕಿಂತ ಕಪ್ಪಗದೆ ಕನಮ್ಮಿ" ಎಂದಳು. ಮೂಲೆಮನೆ ಅತ್ತೆ ಸ್ವಲ್ಪದರಲ್ಲಿ ಗೆದ್ದಳು, ಚಿಕ್ಕವ್ವ ಸೋತಳು. ನಾಲೆ ಬಯಲಿನ ಬತ್ತವನ್ನು ಬೇರೆ ಊರಿನ ಆಳುಗಳನ್ನು ಕರೆಸಿ ಕೊಯ್ಯಿಸಿದರು. ನಮ್ಮ ಪಾಲು ನಮಗೆ ಬರಲಿಲ್ಲ. ಚಿಕ್ಕಪ್ಪ ನಂಜನಗೂಡಿನಲ್ಲಿ ಗಾರೆ ಕೆಲಸಕ್ಕೆ ಹೋಗತೊಡಗಿದ. ಆ ಬದುವಿನ ಕಡೆಗೆ ಮತ್ತೆ ನಡೆಯಲಿಲ್ಲ. ಒಂದು ಸಲವೂ ಹೆಂಡತಿಯನ್ನು ಅದರ ಬಗ್ಗೆ ಆಡಿಕೊಳ್ಳಲೂ ಇಲ್ಲ.

ಬೋರ್‌ವೆಲ್ಲು ಚಾವಡಿಯ ಪಕ್ಕದಲ್ಲೇ ಉಳಿಯಿತು. ಮೂಲೆಮನೆ ಅತ್ತೆಯನ್ನು ಬೇಕೆಂದಾಗಲೆಲ್ಲ ಕರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಮೊದಲ ಎರಡು ವರ್ಷ ಒತ್ತಿದಳು. ಆಮೇಲೆ, ಏನು ಬರೆದಿದೆ ಓದಿ ಹೇಳಿ ಎಂದು ಕೇಳತೊಡಗಿದಳಂತೆ. ಕೊಟ್ಟಿಗೆಯ ಕೆಲಸ ಹೋಯಿತು.

ಮುಂದಿನ ಪಂಚಾಯ್ತಿ ಚುನಾವಣೆ ಬರುವ ಹೊತ್ತಿಗೆ ನಾನು ಸೋಮನಾಥಪುರದ ಕಡೆ ಮೇಡಂ ಆಗಿದ್ದೆ. ಸ್ಥಾನ ಆ ಸಲವೂ ನಮ್ಮ ಬೀದಿಯ ಹೆಂಗಸರಿಗೇ ಬಂದಿತ್ತು. ಚಾವಡಿಯ ಮೇಲೆ ಬೆರಳು ಬೇರೆಯವಳ ಕಡೆಗೆ ತಿರುಗಿತು. ಒಂದು ಭಾನುವಾರ ನಾನು ಊರಿನಲ್ಲಿದ್ದಾಗ ಮೂಲೆಮನೆ ಅತ್ತೆ ನಮ್ಮ ಮನೆಗೆ ಬಂದಳು. ಈ ಸಲ ತಾನೇ ಅರ್ಜಿ ಹಾಕುತ್ತಿದ್ದೇನೆ, ಸೂಚಕಳಾಗಿ ನೀನು ಸೈನ್ ಮಾಡಬೇಕು ಎಂದು ಚಿಕ್ಕವ್ವನನ್ನು ಕೇಳಿದಳು. ಸೆರಗಿನ ಗಂಟು ಬಿಚ್ಚಿ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದಳು. ಚಿಕ್ಕವ್ವ ಕೈ ಒರೆಸಿಕೊಂಡು ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡಳು.